ಪದಚರ್ಚೆ: ತೋಟೆ, ಗುಂಡು, ಈಡು ಇವೆ, ಗುಂಡಿನ ದಾರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕಾಡಂಚಿನ ಊರುಗಳ ಬೇಟೆಯ ಬಗ್ಗೆ ಒಂದು ಉದ್ದನೆ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ಒಂದೇ ಒಂದು ರೈಫಲ್ ತೋಟೆಯ (ಇಂಗ್ಲಿಷಿನ ಕಾರ್ಟ್ರಿಜ್) ಗುಣ-ದೋಷಕ್ಕೇ ಮೀಸಲು. ಅಲ್ಲಿ ಮನೆಮಾತಾಗಿರುವ ಅದರ ಹೆಸರು ‘ಥರ್ಟಿ-ಥರ್ಟಿ’. ನಾನು ತೀರ್ಥಹಳ್ಳಿ ಕಡೆಯವನು, ಕೋವಿ ಮಾತು ಕೇಳುತ್ತಲೇ ಬೆಳೆದವನು. ಮೊದಲ ಅರ್ಧ ಸಲೀಸಾಗಿ ಮುಗಿಯಿತು. ಈಗ ಒಂದು ಕಡೆ ಬಂಡಿ ನಿಂತಿದೆ. ನಿಮ್ಮ ಊರಿನ ಕಡೆ ಪದಗಳಿದ್ದರೆ ಕೊಡಿ ಅಂತ ಈ ಓಲೆ.

ಮೊದಲೇ ಹೇಳಿಬಿಡುತ್ತೇನೆ, ಇದು ಶಿಕಾರಿಗೆ ಹುರಿದುಂಬಿಸುವ ಮಾತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ಕತೆ ಮುಗಿಯಿತು. ಬೆಳೆ ರಕ್ಷಣೆಯ ಲೈಸನ್ಸಿನ ಕೋವಿಗಳು ಗೋಡೆಯ ಮೇಲೆ ಉಳಿದಿವೆ. ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂತು ಬರುತ್ತವೆ. ಆದರೆ ಕೋವಿಯ ಸುತ್ತ ಬೆಳೆದ ಮಾತು ಇನ್ನೂ ಬಳಕೆಯಲ್ಲಿದೆ. ನನಗೆ ಬೇಕಿರುವುದು ಅದು.

ಪತ್ರಿಕೆಗಳ ಕನ್ನಡದಲ್ಲಿ ಎಲ್ಲವೂ ‘ಗುಂಡು’. ಪೊಲೀಸರು ವಶಪಡಿಸಿಕೊಂಡದ್ದು ಗುಂಡು, ಹಾರಿಸಿದ್ದು ಗುಂಡು, ಡಾಕ್ಟರು ಹೊರಗೆ ತೆಗೆದದ್ದೂ ಗುಂಡು. ಸಂಜೆ ಕೆಲವರು ಹಾಕುವುದೂ ಅದೇ, ಬಿಡಿ. ಇದಕ್ಕೆ ಮೇಲೆ ‘ಐದು ಜೀವಂತ ಗುಂಡುಗಳು ಪತ್ತೆ’ ಅಂತ ಬೇರೆ ಬರೆಯುತ್ತಾರೆ. ಇಂಗ್ಲಿಷಿನವರು ಜೀವ ಇದೆ ಅಂದರೆ ನಾವೂ ಅನ್ನಬೇಕಾ? ನಮ್ಮ ಕಡೆ ಯಾರನ್ನೇ ಕೇಳಿ, ‘ಹೊಡೆಯದ ತೋಟೆ’ ಅನ್ನುತ್ತಾರೆ. ಹೊಡೆದದ್ದು ‘ಖಾಲಿ ತೋಟೆ’. ಅಷ್ಟೇ.

ಮಲೆನಾಡಿನಲ್ಲಿ ಈ ಸಾಮಾನುಗಳಿಗೆ ಒಂದೊಂದಕ್ಕೂ ಬೇರೆ ಹೆಸರಿದೆ. ಹಿತ್ತಾಳೆ ತಳ ಇರುವ ಇಡೀ ಜೋಡಣೆ ತೋಟೆ. ತಳದ ನಡುವೆ ಕೂತು, ಬಡಿದಾಗ ಮದ್ದಿಗೆ ಕಿಡಿ ಕೊಡುವುದು ಕೇಪು. ಒಳಗಿರುವುದು ಮದ್ದು. ಮುಂದೆ ಹೋಗುವುದು ಗುಂಡು, ಸಣ್ಣ ಸಣ್ಣದಿದ್ದರೆ ಚರೆ. ಇವೆಲ್ಲ ಸೇರಿ ಢಂ ಅಂದರೆ ಅದು ಈಡು. ‘ಕೋವಿಗೆ ಈಡು ಮಾಡಿದ’ ಅಂದರೆ ತುಂಬಿಸಿಟ್ಟ. ‘ಈಡು ಹೊಡೆದ’ ಅಂದರೆ ಹಾರಿಸಿದ. ‘ಗುಡ್ಡದಾಚೆ ಈಡು ಕೇಳಿಸಿತು’ ಅಂದರೆ ಬರೀ ಸದ್ದು. ಒಂದೇ ಪದ ಮೂರು ಕಡೆ ದುಡಿಯುತ್ತದೆ, ಎಲ್ಲೂ ಗೊಂದಲ ಇಲ್ಲ. ತೋಟೆಗೆ ತಮಿಳಿನಲ್ಲಿ ತೋಟ್ಟಾ, ತೆಲುಗಿನಲ್ಲಿ ತೂಟಾ ಇದೆ. ಹೊಳೆಯಲ್ಲಿ ಮೀನಿಗೆ ಸಿಡಿಸುವುದಕ್ಕೂ ನಮ್ಮಲ್ಲಿ ತೋಟೆ ಅಂತಲೇ ಹೆಸರು. ಅಡಿಕೆ ತೋಟದ ಪಕ್ಕದಲ್ಲಿ ‘ತೋಟೆಯ’ ಬಂದಾಗ ಓದುಗ ಒಮ್ಮೆ ಎಡವಬಹುದು, ಆದರೂ ಪದ ಬಿಡಲು ನನಗೆ ಮನಸ್ಸಿಲ್ಲ.

ಇಷ್ಟು ಪದ ಕೈಯಲ್ಲಿದ್ದದ್ದಕ್ಕೆ ಥರ್ಟಿ-ಥರ್ಟಿಯ ಹುಟ್ಟಿನ ಕತೆಯನ್ನು ಆರಾಮಾಗಿ ಹೇಳಬಹುದಾಯಿತು. 1895ರಲ್ಲಿ ವಿಂಚೆಸ್ಟರ್ ಕಂಪನಿ ಇದನ್ನು ಮಾರಾಟಕ್ಕೆ ತಂದಿತು. ಜಾನ್ ಬ್ರೌನಿಂಗ್ ರೂಪಿಸಿದ 1894ರ ಮಾದರಿಯ ರೈಫಲ್ಲಿಗೆ ಹೊಂದುವ ತೋಟೆ. ಅಲ್ಲಿಯವರೆಗೆ ಕರಿಮದ್ದಿನ ಕಾಲ. ಈಡು ಹೊಡೆದರೆ ಮುಂದೆ ಹೊಗೆಯೋ ಹೊಗೆ, ಪ್ರಾಣಿ ಬಿತ್ತೋ ಓಡಿತೋ ಕಾಣುವುದಿಲ್ಲ. ಹೊಗೆಯಿಲ್ಲದ ಹೊಸ ಮದ್ದಿಗೆಂದೇ ಅಮೆರಿಕದಲ್ಲಿ ಬಂದ ಮೊದಲ ಬೇಟೆ ತೋಟೆಗಳಲ್ಲಿ ಇದು ಒಂದು. ವಿಂಚೆಸ್ಟರಿನವರು ತೋಟೆಗೆ ತಮ್ಮ ಕಂಪನಿಯ ಹೆಸರನ್ನೇ ಸೇರಿಸಿದ್ದರು. ಮಾರ್ಲಿನ್ ಕಂಪನಿಯವರು ಅದೇ ತೋಟೆಗೆ ರೈಫಲ್ ಮಾಡಿದಾಗ ಎದುರಾಳಿಯ ಹೆಸರನ್ನು ತಮ್ಮ ನಳಿಗೆ ಮೇಲೆ ಯಾಕೆ ಕೆತ್ತಬೇಕು ಅಂತ ಬರೀ ಅಂಕಿ ಹಾಕಿಬಿಟ್ಟರು. ಅಂಕಿಯೇ ಉಳಿಯಿತು.

ಆ ಅಂಕಿಯಲ್ಲೂ ಒಂದು ತೊಡಕಿದೆ. ಮೊದಲ ಮೂವತ್ತು ನಳಿಗೆಯ ತೂತಿನ ಅಡ್ಡಳತೆ, ಅಂದರೆ ಇಂಚಿನ ನೂರರಲ್ಲಿ ಮೂವತ್ತು ಪಾಲು. ಎರಡನೆಯ ಮೂವತ್ತು ಮದ್ದಿನ ತೂಕ, 30 ಗ್ರೇನು (ಗ್ರೇನು ಅಂದರೆ ಇಂಗ್ಲಿಷರ ಒಂದು ಸಣ್ಣ ತೂಕದ ಅಳತೆ). ನಮ್ಮ 12 ಬೋರಿನ ಕೋವಿಯ ಲೆಕ್ಕವೇ ಬೇರೆ. ಅಲ್ಲಿ ನಳಿಗೆಗೆ ಸರಿಹೊಂದುವ ಸೀಸದ ಉಂಡೆ 12 ಸೇರಿದರೆ ಒಂದು ಪೌಂಡು. ಹಾಗಾಗಿ ಅಂಕಿ ಹೆಚ್ಚಾದಷ್ಟೂ ನಳಿಗೆ ಸಣ್ಣದು. ಥರ್ಟಿ-ಥರ್ಟಿಯ ಇಂಚಿನ ಲೆಕ್ಕದಲ್ಲಿ ಹೆಚ್ಚಾದಷ್ಟೂ ದೊಡ್ಡದು. ಊರಲ್ಲಿ ಆಗೀಗ ಕಾಣುವ 315 ರೈಫಲ್ಲಿನ ಅಂಕಿಯೂ ಇಂಚಿನ ಲೆಕ್ಕವೇ.

ಗ್ರೇನಿಗೆ ಏನು ಮಾಡೋಣ? ಗೆಳೆಯರೊಬ್ಬರು ‘ಗುಂಜಿ’ ಹಾಕಿ ಅಂದರು. ಓದಲು ಚೆನ್ನಾಗಿದೆ, ಆದರೆ ಲೆಕ್ಕ ತಪ್ಪುತ್ತದೆ. ಅಕ್ಕಸಾಲಿಗರ ಗುಂಜಿ ಒಂದು ಗ್ರೇನಿನ ಹತ್ತಿರಹತ್ತಿರ ಎರಡರಷ್ಟು ತೂಗುತ್ತದೆ. ಹಾಗೆ ಬರೆದರೆ ಮದ್ದು ಡಬಲ್ ಆಗಿ ಕೋವಿ ಮುಖಕ್ಕೇ ಸಿಡಿಯುತ್ತದೆ, ಕಾಗದದ ಮೇಲಾದರೂ. ತೊಲ ಮಾತ್ರ ಸರಿಯಾಗಿ ಕೂರುತ್ತದೆ. ಬ್ರಿಟಿಷರು ಗೊತ್ತುಮಾಡಿದ ತೊಲ ಅಂದರೆ 180 ಗ್ರೇನು, 11.66 ಗ್ರಾಂ. ಥರ್ಟಿ-ಥರ್ಟಿಯ ಗುಂಡು ಹೆಚ್ಚಾಗಿ 150 ಇಲ್ಲವೇ 170 ಗ್ರೇನಿನದು. ಅಂದರೆ ಒಂದು ತೊಲಕ್ಕೆ ಚೂರು ಕಮ್ಮಿ. ಬಂಗಾರ ಕೊಂಡವರಿಗೆಲ್ಲ ಆ ತೂಕ ಅಂಗೈಯಲ್ಲಿ ಗೊತ್ತು. ಗ್ರೇನನ್ನು ಹಾಗೇ ಬಿಟ್ಟು, ಒಂದು ಕಡೆ ತೊಲದ ಮಾತು ಸೇರಿಸಿದ್ದೇನೆ.

ಇನ್ನು ಗುಂಡಿನ ಆಕಾರ. ಈ ರೈಫಲ್ಲಿನಲ್ಲಿ ನಳಿಗೆಯ ಕೆಳಗೆ ಇನ್ನೊಂದು ಕೊಳವೆ ಇರುತ್ತದೆ. ತೋಟೆಗಳು ಅದರೊಳಗೆ ಒಂದರ ಹಿಂದೆ ಒಂದು ಮಲಗಿರುತ್ತವೆ. ಹಿಂದಿನ ತೋಟೆಯ ಮೂತಿ ಮುಂದಿನದರ ಕೇಪಿಗೆ ಒತ್ತಿಕೊಂಡಿರುತ್ತದೆ. ಮೂತಿ ಚೂಪಾಗಿದ್ದರೆ, ಈಡು ಹೊಡೆದ ಕೋವಿ ಹಿಂದಕ್ಕೆ ಒದ್ದಾಗ ಕೊಳವೆಯೊಳಗೇ ಈಡಾಗುವ ಅಪಾಯ. ಅದಕ್ಕೇ ಇದರ ಗುಂಡಿಗೆ ಚಪ್ಪಟೆ ಮೂತಿ. ಈಚೆಗೆ ಮೆತ್ತನೆ ಪ್ಲಾಸ್ಟಿಕ್ ತುದಿಯ ಚೂಪು ಗುಂಡೂ ಬಂದಿದೆ. ಆದರೆ ಹಳೇ ಹೆಸರು ಗಳಿಸಿದ್ದು ಚಪ್ಪಟೆಯದೇ. ‘ಮೂತಿ’, ‘ಒದೆ’ ಎರಡೂ ನಮ್ಮ ಕೋವಿಗಳ ಮಾತೇ. ಥರ್ಟಿ-ಥರ್ಟಿಯ ಮೊದಲ ಗುಣವೇ ಒದೆ ಕಮ್ಮಿ ಅನ್ನುವುದು. ರೈಫಲ್ಲೂ ಹಗುರ, ಗಿಡ್ಡ. ದಿನವಿಡೀ ಹೆಗಲಿಗೆ ಹಾಕಿಕೊಂಡು ಕಾಡಲ್ಲಿ ತಿರುಗಬಹುದು.

ಕಾಡಿನ ಜಿಂಕೆಗೆ, ನೂರು ನೂರೈವತ್ತು ಗಜದೊಳಗೆ, ಇದು ಸಾಕಷ್ಟಾಯಿತು ಅನ್ನುತ್ತಾರೆ ಅಲ್ಲಿಯವರು. 170 ಗ್ರೇನಿನ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ನಳಿಗೆ ಬಿಡುತ್ತದೆ. ಈ ವೇಗಕ್ಕೆ ಮೆತ್ತನೆ ಸೀಸದ ಮೂತಿ ಹದವಾಗಿ ಅರಳುತ್ತದೆ, ಒಳಕ್ಕೂ ಇಳಿಯುತ್ತದೆ. ಪ್ರಾಣಿಗೆ ಬಿದ್ದ ಮೇಲಿನ ಮಾತಿಗೂ ನಮ್ಮಲ್ಲಿ ಬರವಿಲ್ಲ. ‘ತಾಗಿತು’ ಅಂದರೆ ಪೆಟ್ಟು ಬಿದ್ದಿದೆ, ಎಲ್ಲಿ ಅಂತ ಗೊತ್ತಿಲ್ಲ. ‘ನಾಟಿತು’ ಅಂದರೆ ಒಳಗೆ ಹೋಗಿದೆ. ‘ಪಾರಾಯಿತು’ ಅಂದರೆ ಆಚೆ ಮಗ್ಗುಲಲ್ಲಿ ಹೊರಬಂದಿದೆ. ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಹಿಡಿದ ವಿಷಯ ನನಗೆ ಈ ಮೂರು ಕ್ರಿಯಾಪದದಲ್ಲಿ ಮುಗಿಯಿತು.

ಒಂದು ನಂಬಿಕೆಯ ವಿಷಯವೂ ಇದೆ. ಇಂಥ ನಿಧಾನದ, ದಪ್ಪ ಮೂತಿಯ ಗುಂಡು ಪೊದೆ ಸೀಳಿಕೊಂಡು ನೆಟ್ಟಗೆ ಹೋಗುತ್ತದೆ ಅಂತ ಅಲ್ಲಿ ಬಹಳ ಜನ ನಂಬಿದ್ದರು. ಅದಕ್ಕೇ ಈ ರೈಫಲ್ಲಿಗೆ ಪೊದೆಯ ಕೋವಿ ಅನ್ನುವ ಅರ್ಥದ ಅಡ್ಡಹೆಸರು. ಪರೀಕ್ಷೆ ಮಾಡಿ ನೋಡಿದರೆ ಯಾವ ಗುಂಡೂ ಕಡ್ಡಿಗೆ ಬಡಿದ ಮೇಲೆ ದಾರಿ ತಪ್ಪದೆ ಹೋಗುವುದಿಲ್ಲ. ಅಡ್ಡಹೆಸರನ್ನು ನಾನು ‘ಹಳುಗೋವಿ’ ಎಂದು ಇಟ್ಟುಕೊಂಡಿದ್ದೇನೆ. ಹಳು ಅಂದರೆ ಏನು ಅಂತ ಬಯಲುಸೀಮೆಯವರಿಗೆ ಅಡಿಟಿಪ್ಪಣಿ ಬೇಕಾ, ಹೇಳಿ.

ಈಗ ಕಷ್ಟಕ್ಕೆ ಬರುತ್ತೇನೆ. ಈ ತೋಟೆಯ ಮಿತಿ ಇರುವುದೆಲ್ಲ ದೂರದಲ್ಲಿ. ಚಪ್ಪಟೆ ಮೂತಿ ಗಾಳಿಯನ್ನು ಸೀಳುವುದಿಲ್ಲ, ತಳ್ಳುತ್ತದೆ. ಹಾಗಾಗಿ ವೇಗ ಬೇಗ ಸೋರಿಹೋಗುತ್ತದೆ. 200 ಗಜ ಮುಟ್ಟುವಷ್ಟರಲ್ಲಿ ಕಸುವು ಸುಮಾರು ಅರ್ಧ. 100 ಗಜಕ್ಕೆ ಗುರಿ ಸರಿಮಾಡಿಟ್ಟ ರೈಫಲ್ಲಿನಲ್ಲಿ 200 ಗಜಕ್ಕೆ ಹೊಡೆದರೆ ಗುಂಡು ಎಂಟೊಂಬತ್ತು ಇಂಚು ಕೆಳಗೆ ಬೀಳುತ್ತದೆ. 300 ಗಜಕ್ಕೆ ಎರಡೂವರೆ ಅಡಿಯ ಆಸುಪಾಸು. ಎದೆಗೆ ಇಟ್ಟ ಗುರಿ ಕಾಲಿಗೆ ತಾಗಿ, ಪ್ರಾಣಿ ನರಳುತ್ತಾ ಕಾಡು ಸೇರುತ್ತದೆ. ಅಲ್ಲಿನ ಎಲ್ಕಿನಂಥ ದೊಡ್ಡ ಮೃಗಕ್ಕೆ ದೂರದಿಂದ ಇದನ್ನು ನೆಚ್ಚಬೇಡಿ ಅನ್ನುವುದು ಇದಕ್ಕೇ. ಅಂದಹಾಗೆ ಎಲ್ಕನ್ನು ಕಡವೆ ಮಾಡಬೇಡಿ. ಬ್ರಿಟಿಷ್ ಶಿಕಾರಿಗಳು ದಕ್ಷಿಣದಲ್ಲಿ ಕಡವೆಗೇ ಆ ಹೆಸರು ಹಚ್ಚಿ ಬರೆದದ್ದುಂಟು, ಅದು ಬೇರೆ ಪ್ರಾಣಿ.

ಮೇಲಿನ ಪ್ಯಾರಾದಲ್ಲಿ ನಾನು ಎಷ್ಟು ಸುತ್ತುಬಳಸಿ ಬರೆದಿದ್ದೇನೆ ನೋಡಿ. ನಳಿಗೆ ತುದಿಯವರೆಗೆ ಪದ ಇದೆ. ಪ್ರಾಣಿಗೆ ಬಿದ್ದ ಮೇಲೆ ಪದ ಇದೆ. ನಡುವಿನ ದಾರಿಗೆ ಇಲ್ಲ. ನೆರೆಮನೆಯ ಅಜ್ಜಯ್ಯನ ಹತ್ತಿರ ಹೋದೆ. ಒಂದು ಕಾಲಕ್ಕೆ ಒಳ್ಳೇ ಈಡುಗಾರರು. ಹಳೇ ಖಾಲಿ ತೋಟೆಯೊಂದನ್ನು ಕಪಾಟಿನಿಂದ ತೆಗೆದು, ತಳದ ಕೇಪಿನಲ್ಲಿ ಸೂಜಿ ಬಡಿದ ಗುಳಿಯನ್ನು ಉಗುರಲ್ಲಿ ತೋರಿಸಿ, ಒಂದೊಂದು ಭಾಗದ ಹೆಸರನ್ನೂ ಹೇಳಿದರು. ತೋಟೆಯಿಲ್ಲದ ಹಳೇ ಕೇಪಿನ ಕೋವಿಗೆ ಬಾಯಿಂದ ಮದ್ದು ಸುರಿದು, ತೆಂಗಿನ ನಾರಿನ ಕತ್ತ ತುರುಕಿ, ಗಜದಲ್ಲಿ, ಅಂದರೆ ಉದ್ದನೆ ಸಲಾಕೆಯಲ್ಲಿ, ಜಡಿಯುವುದನ್ನು ಕೈಯಲ್ಲೇ ಮಾಡಿ ತೋರಿಸಿದರು. ಆಮೇಲೆ ನಾನು, “ಅಜ್ಜಯ್ಯ, ಇನ್ನೂರು ಗಜ ಹೋಗುವಷ್ಟರಲ್ಲಿ ಗುಂಡು ಕೆಳಗೆ ಇಳಿಯುತ್ತಲ್ಲ, ಅದಕ್ಕೆ ಏನಂತೀರಿ?” ಅಂದೆ.

“ಎಂಥ ಗಜ ಮಾರಾಯ, ಈಗ ಹೇಳಿದ್ದಾ?” ಅಂತ ಮೊದಲು ಕೇಳಿದರು. ಅವರ ತಲೆಯಲ್ಲಿ ಇನ್ನೂ ಜಡಿಯುವ ಗಜವೇ ಇತ್ತು. ದೂರದ ಗಜ ಅಂದೆ. “ಇನ್ನೂರು ಗಜದಾಚೆ ಇರೋ ಹಂದಿ ನಿನ್ನ ಕಣ್ಣಿಗೆ ಕಾಣಬೇಕಲ್ಲ ಮೊದಲು! ನಮ್ಮದೆಲ್ಲ ಹತ್ತು ಮಾರು, ಇಪ್ಪತ್ತು ಮಾರಿನ ವ್ಯವಹಾರ.”

ನನಗೆ ಅದೇ ಉತ್ತರ ಅನ್ನಿಸಿತು. ಆಗುಂಬೆ, ಹೊಸನಗರದ ಕಾಡಿನಲ್ಲಿ ನೋಟವೇ ಅಷ್ಟು ದೂರ ಓಡುವುದಿಲ್ಲ. ಕೋವಿಯೂ ಚರೆಯದು. ಗುಂಡು ಬಾಗಿ ಹೋಗುವುದನ್ನು ಗಮನಿಸುವ ಪ್ರಸಂಗವೇ ಬರಲಿಲ್ಲ, ಹಾಗಾಗಿ ಪದವೂ ಹುಟ್ಟಲಿಲ್ಲ. ಥರ್ಟಿ-ಥರ್ಟಿಯೂ ಹೆಚ್ಚುಕಮ್ಮಿ ಇಂಥದೇ ಕಾಡಿನ ತೋಟೆ. ಅದರ ಒಳ್ಳೇ ಗುಣಗಳಿಗೆಲ್ಲ ಮಲೆನಾಡಿನ ಮಾತು ಹಾಕಿದ ಹಾಗೆ ಹೊಂದಿತು. ಅದು ಸೋಲುವ ಬಯಲಿನಲ್ಲೇ ನನ್ನ ಕನ್ನಡವೂ ಸೋಲುತ್ತಿದೆ. ಪಠ್ಯಪುಸ್ತಕದ ಪದಗಳು ಗೊತ್ತು. ‘ಪಥ’, ‘ಚಲನಶಕ್ತಿ’ ಅಂತೆಲ್ಲ ಹಾಕಬಹುದು. ಆದರೆ ಲೇಖನದಲ್ಲಿ ಮಾತಾಡುತ್ತಿರುವವನು ಒಬ್ಬ ರೈತ. ಅವನ ಬಾಯಲ್ಲಿ ಅವು ಕೂರುವುದಿಲ್ಲ.

ಸದ್ಯಕ್ಕೆ ನಾನು ಇಟ್ಟುಕೊಂಡಿರುವುದು ಹೀಗೆ. ಗುಂಡು ಕೆಳಗಾಗುವುದಕ್ಕೆ ‘ಇಳಿತ’. ದೂರದಲ್ಲಿ ಉಳಿಯುವ ಬಲಕ್ಕೆ ‘ಕಸುವು’. ಇವೆರಡೂ ನನಗೆ ಒಪ್ಪಿಗೆ. ಇದ್ದದ್ದರಲ್ಲಿ ಕಸುವು ಬಹಳ ಒಳ್ಳೇ ಪದ, ಭೂಮಿಯ ಕಸುವು ಅಂದಹಾಗೆ ಈಡಿನ ಕಸುವು. ತೋಟೆಯನ್ನು ನಂಬಿ ಹೊಡೆಯಬಹುದಾದ ದೂರಕ್ಕೆ ‘ಈಡಿನ ಅಳವು’ ಅಂತ ಬರೆದಿದ್ದೇನೆ. ಇದು ಸ್ವಲ್ಪ ಹಳಗನ್ನಡದ ವಾಸನೆ ಹೊಡೆಯುತ್ತಾ? ‘ಅಳವಿಗೆ ಮೀರಿದ್ದು’ ಅನ್ನುವುದು ಇನ್ನೂ ಬಳಕೆಯಲ್ಲಿದೆ ಅಂತ ಧೈರ್ಯ ಮಾಡಿದೆ.

ಎರಡಕ್ಕೆ ಮಾತ್ರ ಏನೂ ಹೊಳೆಯುತ್ತಿಲ್ಲ. ಒಂದು, ಗುಂಡು ಹೋಗುವ ಬಾಗಿದ ದಾರಿ. ‘ಹಾದಿ’ ಅಂದರೆ ಬಾಗು ಬರುವುದಿಲ್ಲ, ‘ಬಿಲ್ಲು’ ಅಂದರೆ ನಮ್ಮ ಕಡೆ ಶಿಕಾರಿಯಲ್ಲಿ ಕೋವಿ ಹಿಡಿದು ಕಾಯುವ ಜಾಗ. ಇನ್ನೊಂದು, ಇಂತಿಷ್ಟು ಗಜಕ್ಕೆ ಅಂತ ರೈಫಲ್ಲಿನ ಗುರಿಯನ್ನು ಮೊದಲೇ ಹೊಂದಿಸಿಡುವ ಕೆಲಸ. ‘ಗುರಿ ಕೂರಿಸುವುದು’ ಅಂತ ಬರೆದು ಮುಂದೆ ಪ್ರಶ್ನೆಚಿಹ್ನೆ ಹಾಕಿಟ್ಟಿದ್ದೇನೆ. ಬಯಲುಸೀಮೆಯ ಕಡೆ ದೂರದ ಗುರಿ ನೋಡಿ ಗೊತ್ತಿರುವವರು, ಸೇನೆಯಲ್ಲಿದ್ದು ಬಂದವರು, ಕೊಡಗಿನವರು ಯಾರಾದರೂ ಇದ್ದರೆ ನಿಮ್ಮಲ್ಲಿ ಏನನ್ನುತ್ತೀರಿ ಅಂತ ತಿಳಿಸಿ. ಪದದ ಜೊತೆ ಅದನ್ನು ಬಳಸುವ ಒಂದು ವಾಕ್ಯವನ್ನೂ ಬರೆದರೆ ಇನ್ನೂ ಉಪಕಾರ.