ಇಳಿಯಲಿ ಅಂತ ಕಾಯೋದಾ, ಏರೋ ಮೊದಲು ಕೊಳ್ಳೋದಾ?

ಕಳೆದ ಸಂಚಿಕೆಯ ಸಮಸ್ಯೆ (ಓದುಗರ ಉತ್ತರಗಳು ಕೆಳಗಿವೆ): ನನಗೆ 36 ವರ್ಷ, ಹೆಂಡತಿಗೆ 34. ಇಬ್ಬರಿಗೂ ಕೆಲಸವಿದೆ. ಎಂಟು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಸ್ವಂತ ಮನೆಗೆ ಡೌನ್ ಪೇಮೆಂಟ್ ಕಟ್ಟುವಷ್ಟು ದುಡ್ಡು ಕೂಡಿಟ್ಟಿದ್ದೇವೆ. ಬೆಲೆ ಸಿಕ್ಕಾಪಟ್ಟೆ ಏರಿದೆ, ಇನ್ನೇನು ಬೀಳುತ್ತದೆ, ಕಾಯೋಣ ಅನ್ನುವುದು ನನ್ನ ವಾದ. ಬೀಳಲ್ಲ, ಈಗಲೇ ಕೊಳ್ಳೋಣ ಅನ್ನುವುದು ಅವಳ ವಾದ. ಸಾಲದ ಬಡ್ಡಿ ಯಾವ ಕಡೆ ಹೋಗುತ್ತದೋ ಗೊತ್ತಿಲ್ಲ. ನಮ್ಮ ಆಫೀಸಿನಲ್ಲಿ ಕೆಲವರನ್ನು ಕೆಲಸದಿಂದ ತೆಗೆದಿದ್ದಾರೆ. “ಬಾಡಿಗೆ ಕಟ್ಟೋದು ದಂಡ, ಮನೆ ಬೆಲೆ ಯಾವತ್ತೂ ಇಳಿಯಲ್ಲ” ಅಂತ ಮಾವ ಸಿಕ್ಕಾಗಲೆಲ್ಲ ಹೇಳುತ್ತಾರೆ. ಎರಡು ವರ್ಷದಿಂದ ಮನೆಯಲ್ಲಿ ಇದೇ ಮಾತು. ಯಾವಾಗ ಕೊಳ್ಳಬೇಕು?

*

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ 22 ವರ್ಷ ಕೂತು ನಿವೃತ್ತನಾದವನು. ನಿಮ್ಮ ಪ್ರಶ್ನೆಯನ್ನು ಮೇಜಿನ ಆ ಕಡೆಯಿಂದ ನೂರಾರು ಸಲ ಕೇಳಿಸಿಕೊಂಡಿದ್ದೇನೆ. ಬೆಲೆ ಯಾವಾಗ ಇಳಿಯುತ್ತದೆ ಅಂತ ಗೊತ್ತಿದ್ದಿದ್ದರೆ ನಾನು ಅಲ್ಲಿ ಕೂತು ಫೈಲು ತಿರುವುತ್ತಿರಲಿಲ್ಲ. ಆದರೆ ಲೆಕ್ಕ ಗೊತ್ತು. ಅದನ್ನು ಹೇಳುತ್ತೇನೆ.

ಸಾಲ 100 ಅಂತ ಇಟ್ಟುಕೊಳ್ಳಿ. ಬಡ್ಡಿ ಶೇಕಡ 8, ಅವಧಿ 20 ವರ್ಷ. ಕೊನೆಗೆ ನೀವು ಕಟ್ಟಿರುವುದು ಹತ್ತಿರ ಹತ್ತಿರ 200. ಮೊದಲ ಕಂತಿನಲ್ಲಿ ಐದರಲ್ಲಿ ನಾಲ್ಕು ಪಾಲು ಬಡ್ಡಿಗೇ ಹೋಗುತ್ತದೆ. ಐದು ವರ್ಷ ಒಂದೂ ತಪ್ಪದೆ ಕಟ್ಟಿದ ಮೇಲೂ ಅಸಲು 87ರ ಮೇಲೇ ಇರುತ್ತದೆ. ಅರ್ಧ ಅಸಲು ತೀರುವ ಹೊತ್ತಿಗೆ ಹದಿಮೂರೂವರೆ ವರ್ಷ ಕಳೆದಿರುತ್ತದೆ. ಈ ಲೆಕ್ಕದ ಪಟ್ಟಿ ಕೈಗಿಟ್ಟಾಗ ಜನರ ಮುಖ ನೋಡಬೇಕು. ಒಬ್ಬರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, “ಮನೆಯಲ್ಲಿ ತೋರಿಸಲ್ಲ ಸಾರ್” ಅಂದಿದ್ದರು.

ಈಗ ನಿಮ್ಮ ವಾದಕ್ಕೆ ಬರೋಣ. ನೀವು ಕಾದಿರಿ, ಬೆಲೆ ಶೇಕಡ 7 ಇಳಿಯಿತು ಅನ್ನಿ. ಅಷ್ಟರಲ್ಲಿ ಬಡ್ಡಿ 8ರಿಂದ 9ಕ್ಕೆ ಏರಿತು. ಸಾಲವೂ ಅಷ್ಟೇ ಪಾಲು ಇಳಿದು 100 ಇದ್ದದ್ದು 93 ಆಯಿತು ಅನ್ನಿ, ಆದರೆ ತಿಂಗಳ ಕಂತು ಮೊದಲಿನಷ್ಟೇ. ಗೆದ್ದದ್ದು ಏನೂ ಇಲ್ಲ, ಕಾದದ್ದು ಬಂತು ಅಷ್ಟೇ. ಬೆಲೆ ಒಂದನ್ನೇ ನೋಡುತ್ತಾ ಕೂತವರು ಎಡವುವುದು ಇಲ್ಲೇ. ಹಾಗಂತ ನಿಮ್ಮ ಹೆಂಡತಿ ಗೆದ್ದರು ಅಂತಲೂ ಅಲ್ಲ. ಬೆಲೆ, ಬಡ್ಡಿ ಎರಡೂ ಒಟ್ಟಿಗೆ ಇಳಿಯುವ ಕಾಲವೂ ಬರಬಹುದು. ಅದು ಸಾಮಾನ್ಯವಾಗಿ ಕೆಲಸಗಳು ಹೋಗುವ ಕಾಲ. ಆಗ ನಿಮಗೆ ಸಾಲ ಕೊಡಲು ಬ್ಯಾಂಕೂ ಹಿಂದೆಮುಂದೆ ನೋಡುತ್ತದೆ.

ಇನ್ನೊಂದು ಮಾತು. ಫ್ಲೋಟಿಂಗ್ ಬಡ್ಡಿಯಲ್ಲಿ, ಅಂದರೆ ಆಗಾಗ ಬದಲಾಗುವ ಬಡ್ಡಿಯಲ್ಲಿ, ದರ ಏರಿದರೆ ಎಷ್ಟೋ ಸಲ ಕಂತು ಏರಿಸುವುದಿಲ್ಲ, ಅವಧಿ ಎಳೆಯುತ್ತಾರೆ. ಮೇಲಿನ ಸಾಲವನ್ನೇ ತಗೊಳ್ಳಿ. ಶುರುವಿನಲ್ಲೇ ದರ 8ರಿಂದ 9ಕ್ಕೆ ಹೋಗಿ ಹಾಗೇ ನಿಂತರೆ, ಅದೇ ಕಂತಿನಲ್ಲಿ 20 ವರ್ಷದ ಸಾಲ 25 ವರ್ಷ ದಾಟುತ್ತದೆ. ತಿಂಗಳ ಖರ್ಚಿನಲ್ಲಿ ಏನೂ ಗೊತ್ತಾಗಲ್ಲ. 56ಕ್ಕೆ ಮುಗಿಯಬೇಕಿದ್ದದ್ದು 61ಕ್ಕೆ ಮುಗಿಯುತ್ತದೆ. ಇದಕ್ಕೆ ಮದ್ದು ಕೂಡ ಇದೆ. ವರ್ಷಕ್ಕೆ ಒಂದೇ ಒಂದು ಕಂತು ಜಾಸ್ತಿ ಕಟ್ಟಿದರೂ 20 ವರ್ಷದ್ದು 17 ವರ್ಷದೊಳಗೆ ತೀರುತ್ತದೆ.

ಮಾಡಬೇಕಾದ್ದು ಇಷ್ಟು. ನೀವು ಅಂದುಕೊಂಡಿರುವ ಮನೆಯ ಕಂತು ಎಷ್ಟು ಅಂತ ಲೆಕ್ಕ ಹಾಕಿ. ಅದರಲ್ಲಿ ಈಗಿನ ಬಾಡಿಗೆ ಕಳೆಯಿರಿ. ಉಳಿದದ್ದನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ. ಆರು ತಿಂಗಳು ಹೀಗೆ ಬದುಕಿ ನೋಡಿ. ಮೂರನೇ ತಿಂಗಳಿಗೇ ಆ ಖಾತೆಗೆ ಕೈ ಹಾಕಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಾಕದಿದ್ದರೆ ಆರು ತಿಂಗಳ ಆ ದುಡ್ಡು ಹೇಗೂ ನಿಮ್ಮದೇ. ನಿಮ್ಮ ಆಫೀಸಿನ ಪರಿಸ್ಥಿತಿ ನೋಡಿದರೆ, ಡೌನ್ ಪೇಮೆಂಟ್ ಬಿಟ್ಟು ಕನಿಷ್ಠ ಆರು ತಿಂಗಳ ಕಂತು ಮತ್ತು ಮನೆ ಖರ್ಚು ಕೈಯಲ್ಲಿರಬೇಕು. ಕೂಡಿಟ್ಟದ್ದನ್ನೆಲ್ಲ ಬಳಿದು ಡೌನ್ ಪೇಮೆಂಟಿಗೆ ಸುರಿಯಬೇಡಿ. ಬೆಲೆ ಬಿದ್ದಿತು ಅಂತ ಮನೆ ಕಳೆದುಕೊಂಡವರನ್ನು ನಾನು ನೋಡಿಲ್ಲ. ನಾಲ್ಕು ಕಂತು ಕಟ್ಟಲಾಗದೆ ಕಳೆದುಕೊಂಡವರನ್ನು ನೋಡಿದ್ದೇನೆ.

– ನಿವೃತ್ತ ಬ್ಯಾಂಕ್ ಉದ್ಯೋಗಿ

*

ನಿಮ್ಮ ಪತ್ರ ಓದಿ ನಗು ಬಂತು. ತಪ್ಪು ತಿಳಿಯಬೇಡಿ. ನಮ್ಮನೆಯಲ್ಲೂ ಇದೇ ಕಥೆ, ನಾಲ್ಕು ವರ್ಷ ನಡೆಯಿತು. ನಮ್ಮ ಯಜಮಾನರು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ಇಟ್ಟಿದ್ದರು. ನೋಡಿದ ಮನೆಗಳು, ಕೇಳಿದ ಬೆಲೆ, ತಾರೀಕು. ಏರಿದರೆ ಕೆಂಪು, ಇಳಿದರೆ ಹಸಿರು. ಭಾನುವಾರ ಬೆಳಗ್ಗೆ ಕಾಫಿ ಜೊತೆಗೆ ಅದನ್ನು ತೆರೆದು ಕೂರೋರು.

ಮೂರನೇ ವರ್ಷ ನಿಜವಾಗಲೂ ಪಟ್ಟಿ ಹಸಿರಾಯಿತು. ನಾವು ಇಷ್ಟಪಟ್ಟ ಮನೆಯ ಬೆಲೆಯನ್ನೇ ಓನರ್ ತಾವಾಗಿಯೇ ಇಳಿಸಿ ಫೋನ್ ಮಾಡಿದರು. ನಾವು ಕೊಂಡೆವಾ? ಇಲ್ಲ. “ಈಗಷ್ಟೇ ಇಳಿಯೋಕೆ ಶುರುವಾಗಿದೆ, ಇನ್ನೂ ಇಳಿಯುತ್ತೆ ಇರು” ಅಂದರು ಯಜಮಾನರು. ನಾನೂ ಹೂಂ ಅಂದೆ, ಸುಳ್ಳು ಯಾಕೆ ಹೇಳಲಿ. ಬೆಲೆ ಇಳಿಯುವಾಗ ಪೇಪರಲ್ಲಿ ಬರೋದೆಲ್ಲ ಹೆದರಿಸುವ ಸುದ್ದಿಯೇ. ಆಫೀಸಲ್ಲೂ ಅದೇ ಮಾತು. ಆ ಹೊತ್ತಲ್ಲಿ ಅಷ್ಟು ದುಡ್ಡು ಎತ್ತಿ ಕೊಡೋಕೆ ಕೈ ಬರಲ್ಲ. ಎಂಟು ತಿಂಗಳ ಮೇಲೆ ಮತ್ತೆ ಕೆಂಪು.

ಆಮೇಲೆ ಒಂದು ಕೆಲಸ ಮಾಡಿದೆವು. ಇಬ್ಬರೂ ಕೂತು, ಮನೆ ನೋಡೋ ಮೊದಲೇ, ಒಂದು ಹಾಳೆಯಲ್ಲಿ ಬರೆದೆವು: ಇಷ್ಟರೊಳಗೆ ಕಂತು, ಇಷ್ಟು ರೂಮು, ಇಬ್ಬರ ಆಫೀಸಿಗೂ ಮುಕ್ಕಾಲು ಗಂಟೆಯೊಳಗೆ, ಬಿಸಿಲು ಬೀಳೋ ಒಂದು ಕಿಟಕಿ. ಇದೆಲ್ಲ ಇರೋ ಮನೆ ಸಿಕ್ಕಿದ ದಿನ ಬಣ್ಣ ಯಾವುದೇ ಇರಲಿ, ತಗೊಳ್ಳೋದು. ಆ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದೆವು. ಐದು ತಿಂಗಳಲ್ಲಿ ಸಿಕ್ಕಿತು. ಅಗ್ಗದ ದಿನ ಅಲ್ಲ, ಅತಿ ದುಬಾರಿ ದಿನವೂ ಅಲ್ಲ. ಆ ಪಟ್ಟಿಯನ್ನು ನಮ್ಮ ಯಜಮಾನರು ಇನ್ನೂ ಅಳಿಸಿಲ್ಲ ಅನ್ನೋದು ನನ್ನ ಅನುಮಾನ.

– ಹಾಳೆ ಬರೆದವಳು

*

ಒಂದೇ ಪ್ರಶ್ನೆ: ಆ ಊರಿನಲ್ಲಿ ಇನ್ನೂ ಎಷ್ಟು ವರ್ಷ ಇರುತ್ತೀರಿ?

ನಾನು ಇದನ್ನು ಕೇಳಿಕೊಳ್ಳದೆ ಕೊಂಡೆ. ಎರಡನೇ ವರ್ಷ ವರ್ಗಾವಣೆ ಬಂತು. ಮಾರಿದೆ. ಕೊಂಡ ಬೆಲೆಗೇ ಮಾರಿದೆ, ಹಾಗಾಗಿ ನಷ್ಟ ಇಲ್ಲ ಅಂತ ಎಲ್ಲರೂ ಅಂದುಕೊಂಡರು. ನೋಂದಣಿ ಖರ್ಚು, ಕೊಳ್ಳುವಾಗ ಬ್ರೋಕರ್, ಮಾರುವಾಗ ಬ್ರೋಕರ್, ಸಾಲದ ಶುಲ್ಕ, ಅಡುಗೆಮನೆ ಕಪಾಟು, ಕಿಟಕಿ ಗ್ರಿಲ್ಲು. ಕಪಾಟು ಬಿಚ್ಚಿಕೊಂಡು ಹೋಗೋಕಾಗುತ್ತಾ? ಎರಡು ವರ್ಷ ಕಟ್ಟಿದ ಕಂತಿನಲ್ಲಿ ಅಸಲಿಗೆ ಹೋದದ್ದು ಚಿಲ್ಲರೆ. ಅಷ್ಟೂ ಸೇರಿಸಿದರೆ ಅದೇ ಬೀದಿಯಲ್ಲಿ ಆರಾಮಾಗಿ ಬಾಡಿಗೆಗೆ ಇರಬಹುದಿತ್ತು.

ಬಾಡಿಗೆ ದಂಡ ಅನ್ನೋ ನಿಮ್ಮ ಮಾವನವರಿಗೆ ಹೇಳಿ, ಬಡ್ಡಿಯೂ ಒಂಥರಾ ಬಾಡಿಗೆಯೇ. ದುಡ್ಡಿಗೆ ಕಟ್ಟೋ ಬಾಡಿಗೆ. ನಲ್ಲಿ ಕೆಟ್ಟರೆ ಓನರಿಗೆ ಫೋನ್ ಮಾಡೋಕೂ ಆಗಲ್ಲ, ಯಾಕಂದ್ರೆ ಓನರ್ ನೀವೇ. ಐದಾರು ವರ್ಷ ಅಲ್ಲೇ ಇರುತ್ತೇವೆ ಅಂತ ಗಟ್ಟಿಯಾಗಿ ಹೇಳೋಕಾಗದಿದ್ದರೆ ಕೊಳ್ಳಬೇಡಿ. ಬೆಲೆ ಇಳಿದಿದ್ದರೂ ಕೊಳ್ಳಬೇಡಿ.

– ಕಪಾಟು ಬಿಟ್ಟು ಬಂದವನು

*

“ಮನೆ ಬೆಲೆ ಯಾವತ್ತೂ ಇಳಿಯಲ್ಲ” ಅನ್ನುವ ಮಾತಿನ ಬಗ್ಗೆ ಮಾತ್ರ ಬರೆಯುತ್ತೇನೆ. ನಾನು ಅರ್ಥಶಾಸ್ತ್ರ ಪಾಠ ಮಾಡುವವಳು, ಪಾಠ ಅನ್ನಿಸಿದರೆ ಕ್ಷಮಿಸಿ.

ಜಪಾನಿನಲ್ಲೂ 1980ರ ದಶಕದ ಕೊನೆಗೆ ಜನ ಹೀಗೇ ನಂಬಿದ್ದರು. 1991ರ ಸುಮಾರಿಗೆ ಅಲ್ಲಿ ಜಮೀನಿನ ಬೆಲೆ ತುದಿ ಮುಟ್ಟಿತು. ಆಮೇಲೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಇಳಿಯುತ್ತಲೇ ಹೋಯಿತು. ಅಮೆರಿಕದಲ್ಲಿ ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಮನೆ ಬೆಲೆಗೆ ಒಂದು ಸೂಚ್ಯಂಕ ರೂಪಿಸಿದ್ದಾರೆ. ಶಿಲ್ಲರ್‌ಗೆ 2013ರಲ್ಲಿ ನೊಬೆಲ್ ಬಂತು. ಆ ಸೂಚ್ಯಂಕದ ಪ್ರಕಾರ ಅಲ್ಲಿನ ಬೆಲೆ 2006ರಲ್ಲಿ ತುದಿಯಲ್ಲಿತ್ತು, 2012ರ ಹೊತ್ತಿಗೆ ಕಾಲು ಭಾಗಕ್ಕೂ ಜಾಸ್ತಿ ಬಿದ್ದಿತ್ತು. ಮತ್ತೆ ಹಳೆಯ ಮಟ್ಟ ಮುಟ್ಟಿದ್ದು 2016ರಲ್ಲಿ.

ಆ 2006ರಲ್ಲಿ ಕೊಂಡ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರೂ ಅದಕ್ಕಿಂತ ಕೆಟ್ಟ ಸಮಯ ಹುಡುಕಿದರೂ ಸಿಗುತ್ತಿರಲಿಲ್ಲ. ಒಬ್ಬನಿಗೆ ಕೆಲಸ ಉಳಿಯಿತು, ಕಂತು ಕಟ್ಟಿಕೊಂಡು ಅಲ್ಲೇ ಇದ್ದ. ಹತ್ತು ವರ್ಷದಲ್ಲಿ ಕಾಗದದ ಮೇಲಿನ ಅವನ ನಷ್ಟ ಸರಿಹೋಯಿತು. ಇನ್ನೊಬ್ಬ 2009ರಲ್ಲಿ ಕೆಲಸ ಕಳೆದುಕೊಂಡು ಮಾರಲೇಬೇಕಾಯಿತು. ಕೊಂಡ ದಿನ ಒಂದೇ, ಬೆಲೆ ಒಂದೇ. ಹಾಗಾಗಿ ಬ್ಯಾಂಕಿನವರು ಕೇಳುವ ಸಂಬಳದ ಚೀಟಿಗಿಂತ ಜಾಸ್ತಿ ಕಟ್ಟುನಿಟ್ಟಾಗಿ ನಿಮ್ಮ ಕೆಲಸದ ಬಗ್ಗೆ ನೀವೇ ಯೋಚಿಸಿ. ನೀವಿಬ್ಬರೂ ಒಂದೇ ರಂಗದಲ್ಲಿದ್ದೀರಾ? ಹಾಗಿದ್ದರೆ ಎರಡು ಸಂಬಳ ಅಂತ ಲೆಕ್ಕ ಹಾಕಬೇಡಿ. ಬೀಳುವಾಗ ಎರಡೂ ಒಟ್ಟಿಗೆ ಬೀಳಬಹುದು.

ಇನ್ನೊಂದು, ಸುಮ್ನೆ ಕುತೂಹಲಕ್ಕೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹೇರೆನ್‌ಗ್ರಾಖ್ಟ್ ಅಂತ ಒಂದು ಕಾಲುವೆ ಇದೆ. ಅದರ ದಡದ ಮನೆಗಳ ಮಾರಾಟದ ದಾಖಲೆ 1628ರಿಂದ ಸಿಗುತ್ತದೆ. ಪೀಟ್ ಐಕ್‌ಹೋಲ್ಟ್ಸ್ ಎಂಬ ಸಂಶೋಧಕರು 1973ರವರೆಗೆ ಲೆಕ್ಕ ಹಾಕಿದರು. ಹಣದುಬ್ಬರ ಕಳೆದರೆ ಆ ಸುಮಾರು 350 ವರ್ಷದಲ್ಲಿ ಬೆಲೆ ಅಂದಾಜು ದುಪ್ಪಟ್ಟಾಗಿತ್ತು, ಅಷ್ಟೇ. ನಡುವೆ ಎಷ್ಟೋ ಸಲ ಏರಿ ಎಷ್ಟೋ ಸಲ ಬಿದ್ದಿತ್ತು. ಮಾವನವರಿಗೆ ಇದನ್ನು ಹೇಳಲೇಬೇಕು ಅಂತೇನಿಲ್ಲ.

– ಅರ್ಥಶಾಸ್ತ್ರದ ಮೇಡಂ

*

ನಾನು ಮನೆ ಕೊಡಿಸುವ ಬ್ರೋಕರ್. ನಮ್ಮ ಮಾತು ಯಾರೂ ನಂಬಲ್ಲ, ಸರಿಯೇ. ಆದರೂ ಮಾರುಕಟ್ಟೆ ಮೆತ್ತಗಾಗಿದೆಯಾ ಅಂತ ನಾವು ಹೇಗೆ ನೋಡುತ್ತೇವೆ ಅಂತ ಹೇಳುತ್ತೇನೆ.

ಬೆಲೆ ನೋಡಬೇಡಿ. ಬೆಲೆ ಕೊನೆಗೆ ಇಳಿಯೋದು. ಕೊಂಡ ಬೆಲೆಗಿಂತ ಕಮ್ಮಿಗೆ ಮಾರೋಕೆ ಯಾರಿಗೂ ಮನಸ್ಸಿರಲ್ಲ. ಮಾರೋದನ್ನೇ ನಿಲ್ಲಿಸಿ ಕೂರುತ್ತಾರೆ. ಹಾಗಾಗಿ ಮೊದಲು ಕಮ್ಮಿಯಾಗೋದು ವ್ಯಾಪಾರ. “ಎಷ್ಟಕ್ಕೆ?” ಅಂತ ಕೇಳೋ ಮೊದಲು “ಎಷ್ಟು ತಿಂಗಳಿಂದ ಮಾರಾಟಕ್ಕಿದೆ?” ಅಂತ ಕೇಳಿ. ಬಿಲ್ಡರುಗಳು ಬೆಲೆ ಇಳಿಸಲ್ಲ, ಪಾರ್ಕಿಂಗ್ ಫ್ರೀ, ಮಾಡ್ಯುಲರ್ ಕಿಚನ್ ಫ್ರೀ ಅಂತಾರೆ. ಅದೇ ಇಳಿಕೆ, ಬೇರೆ ಹೆಸರಲ್ಲಿ. ನೀವು ಬೇಡ ಅಂತ ಎದ್ದು ಬಂದ ಮೇಲೆ ವಾರದೊಳಗೆ ಓನರೇ ಫೋನ್ ಮಾಡಿದರೆ ಚೌಕಾಸಿಗೆ ಜಾಗ ಇದೆ.

ರಾತ್ರಿ ಎಂಟಕ್ಕೆ ಹೋಗಿ ಆ ಕಟ್ಟಡದ ಕೆಳಗೆ ನಿಂತು ನೋಡಿ. ಎಲ್ಲಾ ಮಾರಾಟವಾಗಿದೆ ಅಂದಿರುತ್ತಾರೆ, ದೀಪ ಉರಿಯುತ್ತಿರೋದು ಹತ್ತರಲ್ಲಿ ಮೂರು ಮನೆಯಲ್ಲಿ. ಮಿಕ್ಕವರು ಇರೋಕೆ ಅಲ್ಲ, ಲಾಭಕ್ಕೆ ಕೊಂಡವರು ಇರಬಹುದು. ಮುಂದೆ ಬೆಲೆ ಅಲುಗಾಡಿದರೆ ಅಂಥವರೆಲ್ಲ ಒಟ್ಟಿಗೆ ಮಾರೋಕೆ ಬರುತ್ತಾರೆ. ಅಲ್ಲಿ ಅವಸರ ಮಾಡಬೇಡಿ.

ಅಗ್ಗ ಅಂತ ಕಟ್ಟುತ್ತಿರೋ ಮನೆ ಬುಕ್ ಮಾಡೋರಿಗೂ ಒಂದು ಮಾತು. ಕೀ ಕೈಗೆ ಬರೋವರೆಗೂ ಬಾಡಿಗೆಯೂ ನಿಮ್ಮದೇ, ಸಾಲದ ಬಡ್ಡಿಯೂ ನಿಮ್ಮದೇ. ಒಂದು ವರ್ಷ ತಡವಾದರೆ ಆ ಅಗ್ಗ ಎಲ್ಲಿ ಹೋಯಿತು ಅಂತ ಹುಡುಕಬೇಕು. ಕಾಗದಪತ್ರವನ್ನು ನಾನು ಪರಿಚಯಿಸಿದ ವಕೀಲರ ಹತ್ತಿರ ತೋರಿಸಬೇಡಿ, ನಿಮ್ಮ ವಕೀಲರ ಹತ್ತಿರ ತೋರಿಸಿ. ಇದನ್ನು ಹೇಳಿದೆ ಅಂತ ನಮ್ಮವರು ಬೈದರೂ ಸರಿ.

– ಹೆಸರು ಬೇಡ

*

ತಮ್ಮಾ, ನಿನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಅದಕ್ಕೆ ಏಕವಚನ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಬೆಲೆ ಇದೆ, ಬಡ್ಡಿ ಇದೆ, ಆಫೀಸು ಇದೆ, ಮಾವ ಇದ್ದಾರೆ. ಒಂದೂ ಮನೆ ಇಲ್ಲ. ಎರಡು ವರ್ಷದಲ್ಲಿ ನೀವಿಬ್ಬರೂ ಒಟ್ಟಿಗೆ ಹೋಗಿ ಎಷ್ಟು ಮನೆ ನೋಡಿದಿರಿ? ನಿನ್ನ ಹೆಂಡತಿ “ಈಗಲೇ” ಅನ್ನೋದು ಬೆಲೆ ಏರುತ್ತೆ ಅಂತಲೋ, ಇಲ್ಲಾ ಪ್ರತಿ ಸಲ ಬಾಡಿಗೆ ಕರಾರು ಮುಗಿಯೋ ತಿಂಗಳು ಅವಳಿಗೆ ನಿದ್ದೆ ಬರಲ್ಲ ಅಂತಲೋ? ನಾನಂತೂ ಎರಡನೇ ಕಾರಣಕ್ಕೆ ಕೊಂಡೆ. ಮಗಳನ್ನು ಕಟ್ಟಿಕೊಂಡು ಮೂರನೇ ಸಲ ಸಾಮಾನು ಕಟ್ಟಿದ ದಿನ ನಿರ್ಧಾರ ಮಾಡಿದ್ದು. ಆಗ ಬೆಲೆ ಹೇಗಿತ್ತು ಅಂತ ನೆನಪೇ ಇಲ್ಲ.

ಕೇಳಿ ನೋಡು. ಉತ್ತರ ಏನು ಬಂತು ಅಂತ ನನಗೂ ತಿಳಿಸು.

– ಅಕ್ಕ ಅಂದುಕೋ