‘ಕಾಗಜ್ ಕೆ ಫೂಲ್’: ಸುರೇಶ್ ಹಂಬಲಿಸಿದ್ದು ಶಾಂತಿಗಾಗಿಯೋ, ಪಾರೋಗಾಗಿಯೋ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಗುರುದತ್ ಅವರ ‘ಕಾಗಜ್ ಕೆ ಫೂಲ್’ (1959) ಚಿತ್ರವನ್ನು ನಿನ್ನೆ ಮೂರನೆಯ ಬಾರಿ ನೋಡಿದೆ. ಪತ್ನಿಯಿಂದ ದೂರವಾಗಿರುವ ನಿರ್ದೇಶಕ ಸುರೇಶ್ ಸಿನ್ಹಾ, ದೆಹಲಿಯ ಮಳೆಯಲ್ಲಿ ನೆನೆಯುತ್ತಿದ್ದ ಶಾಂತಿಗೆ ತನ್ನ ಕೋಟು ಕೊಟ್ಟು, ಮುಂದೆ ಅವಳನ್ನೇ ತನ್ನ ‘ದೇವದಾಸ್’ ಚಿತ್ರದ ನಾಯಕಿ ಪಾರೋ ಆಗಿಸಿ, ಅವಳು ದೂರವಾದ ಮೇಲೆ ಕುಡಿತಕ್ಕೆ ಬಿದ್ದು ಹಾಳಾಗುತ್ತಾನೆ. ಇದನ್ನು ಅಮರಪ್ರೇಮವೆಂದು ಹೊಗಳುವವರೇ ಹೆಚ್ಚು. ನನಗೆ ಮಾತ್ರ, ಅವನು ಹಂಬಲಿಸಿದ್ದು ಆ ಹುಡುಗಿಗಾಗಿ ಅಲ್ಲ, ತಾನು ಕಂಡ ಪಾರೋಗಾಗಿ ಎನಿಸುತ್ತಿದೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1
ನಿಮ್ಮ ಅನುಮಾನಕ್ಕೆ ಚಿತ್ರದಲ್ಲಿಯೇ ಆಧಾರವಿದೆ. ಕೋಟು ಹಿಂದಿರುಗಿಸಲು ಸ್ಟುಡಿಯೊಗೆ ಬಂದ ಶಾಂತಿ, ಚಿತ್ರೀಕರಣ ನಡೆಯುತ್ತಿರುವಾಗ ಅರಿಯದೆ ಕ್ಯಾಮೆರಾದ ಎದುರು ನಡೆದುಬಿಡುತ್ತಾಳೆ. ಮುಂದೆಯೇ ನಿಂತಿದ್ದಾಗ ಕಾಣದ ಪಾರೋ, ಆ ತುಣುಕನ್ನು ಪರದೆಯ ಮೇಲೆ ನೋಡುವಾಗ ಸುರೇಶನಿಗೆ ಕಾಣುತ್ತಾಳೆ. ಆದರೂ ಅವನನ್ನು ಸ್ವಾರ್ಥಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಬೀದಿಪಾಲಾದ ಮೇಲೆ ಅವಳೇ ನೆರವಿಗೆ ಬಂದರೂ ಅವನು ಕೈ ಚಾಚುವುದಿಲ್ಲ.

ಉತ್ತರ 2
‘ವಕ್ತ್ ನೆ ಕಿಯಾ’ ಹಾಡನ್ನು ಗಮನಿಸಿ. ಬರಿದಾದ ಸ್ಟುಡಿಯೊದಲ್ಲಿ ಇಬ್ಬರೂ ದೂರದೂರ ನಿಂತಿರುತ್ತಾರೆ, ಯಾರ ತುಟಿಯೂ ಅಲುಗುವುದಿಲ್ಲ. ಮೇಲಿನಿಂದ ಇಳಿದ ಬೆಳಕಿನ ಕೋಲಿನೊಳಗೆ ಅವರ ಛಾಯೆಗಳಷ್ಟೇ ಒಂದನ್ನೊಂದು ಸೇರುತ್ತವೆ. ಚಿತ್ರದ ಛಾಯಾಗ್ರಾಹಕರಾದ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಒಳಕ್ಕೆ ತಿರುಗಿಸಿ ಆ ಕೋಲನ್ನು ಮೂಡಿಸಿದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಿದು. ಅಷ್ಟು ಅಗಲದ ಪರದೆಯಲ್ಲಿ ಇಬ್ಬರ ನಡುವಿನ ಖಾಲಿ ಜಾಗವೇ ಕಣ್ಣಿಗೆ ರಾಚುತ್ತದೆ. ಸುರೇಶನಾಗಿ ನಿಂತವರು ಸ್ವತಃ ಗುರುದತ್, ಹಾಡಿದವರು ಅವರ ಪತ್ನಿ ಗೀತಾ ದತ್. ಇದು ನೆನಪಾದಾಗಲೆಲ್ಲ ಆ ಹಾಡನ್ನು ಪೂರ್ತಿ ಕೇಳುವುದು ನನಗೆ ಕಷ್ಟವಾಗುತ್ತದೆ. ಸ್ಟುಡಿಯೊದ ಆ ಬೆಳಕಿನಿಂದ ಆಚೆಗೆ ಇವರಿಬ್ಬರಿಗೆ ನೆಲೆಯಿಲ್ಲವೆಂದು ಚಿತ್ರವೇ ಒಪ್ಪಿಕೊಂಡಿದೆ ಎಂಬುದು ನನ್ನ ಅಭಿಪ್ರಾಯ.

ಉತ್ತರ 3
ಶಾಂತಿಯ ಕಡೆಯಿಂದಲೂ ನೋಡಬೇಕೆಂದು ಕೋರುತ್ತೇನೆ. ವಹೀದಾ ರೆಹಮಾನ್ ಅವಳನ್ನು ಯಾರದೋ ಕೈಗೊಂಬೆಯಾಗಿ ಅಭಿನಯಿಸಿಲ್ಲ. ಸುರೇಶನ ಮಗಳು ಪಮ್ಮಿ ಬಂದು, ತನ್ನ ತಂದೆತಾಯಿ ಒಂದಾಗಬೇಕಾದರೆ ನೀವು ಸರಿದು ನಿಲ್ಲಬೇಕೆಂದು ಬೇಡಿದಾಗ, ಬಂದ ಹೆಸರನ್ನೆಲ್ಲ ಬಿಟ್ಟು ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಲು ಹೊರಟುಹೋಗುತ್ತಾಳೆ. ಅವಳನ್ನು ಮರಳಿ ಕ್ಯಾಮೆರಾದ ಮುಂದೆ ಎಳೆದು ತರುವುದು ಸುರೇಶನ ಮೋಹವಲ್ಲ, ನಿರ್ಮಾಪಕರ ಕೈಯಲ್ಲಿದ್ದ ಒಪ್ಪಂದಪತ್ರ. ಕೊನೆಗೆ ಸುರೇಶ ಅದೇ ಸ್ಟುಡಿಯೊದಲ್ಲಿ, ನಿರ್ದೇಶಕನ ಕುರ್ಚಿಯಲ್ಲಿಯೇ ಪ್ರಾಣ ಬಿಡುತ್ತಾನೆ. ಆ ಹೊತ್ತಿಗೆ ಶಾಂತಿ ಎಲ್ಲಿದ್ದಳು, ಹೇಗಿದ್ದಳು ಎಂದು ಚಿತ್ರ ಕೇಳುವುದೇ ಇಲ್ಲ. ನನ್ನ ತಕರಾರು ಇರುವುದು ಅಲ್ಲಿ.