ಲಯನ್‌ಫಿಶ್‌ಗೆ ಫ್ರೋಜನ್ ಆಹಾರ ರೂಢಿಯಾಗಿಸುವುದು: ಸಾಕಿದವರ ಅನುಭವಗಳು

ಪ್ರಶ್ನೆ

ನನ್ನ ಉಪ್ಪುನೀರಿನ ಅಕ್ವೇರಿಯಂಗೆ ಸುಮಾರು 10 ಸೆಂಟಿಮೀಟರ್ ಉದ್ದದ, ವೊಲಿಟಾನ್ಸ್ ಜಾತಿಯ ಲಯನ್‌ಫಿಶ್ (ವಿಷಮುಳ್ಳುಗಳಿರುವ ಸಮುದ್ರ ಮೀನು) ಬಂದು ಮೂರು ವಾರಗಳಾದವು. ಜೀವಂತ ಸೀಗಡಿಯನ್ನು ನೀರಿಗೆ ಬಿಟ್ಟರೆ ಕಣ್ಣು ಮಿಟುಕಿಸುವಷ್ಟರಲ್ಲಿ ನುಂಗುತ್ತದೆ. ಆದರೆ ಫ್ರೀಜರ್‌ನಿಂದ ತೆಗೆದು ಕರಗಿಸಿದ ಸೀಗಡಿಯನ್ನಾಗಲಿ ಸಣ್ಣ ಮೀನನ್ನಾಗಲಿ ಹಾಕಿದರೆ, ಅದು ತಳ ಸೇರುವವರೆಗೆ ನೋಡಿ ಮುಖ ತಿರುಗಿಸುತ್ತದೆ. ಹಸಿದರೆ ತಾನಾಗಿಯೇ ತಿನ್ನುತ್ತದೆ ಎಂದು ಕೆಲವರು ಹೇಳಿದ್ದರಿಂದ ಐದು ದಿನಗಳಿಂದ ಏನನ್ನೂ ಕೊಟ್ಟಿಲ್ಲ. ಹೀಗೆಯೇ ಮುಂದುವರಿಸಬಹುದೇ? ಈ ಹಂತವನ್ನು ದಾಟಿದವರು ತಾವು ಮಾಡಿದ್ದನ್ನು ದಯವಿಟ್ಟು ವಿವರವಾಗಿ ತಿಳಿಸಬೇಕು.

ಮೊದಲನೆಯ ಅನುಭವ

ನಿಮ್ಮ ಮೀನು ಹಟ ಮಾಡುತ್ತಿಲ್ಲ. ತಳದಲ್ಲಿ ಬಿದ್ದಿರುವುದು ಆಹಾರ ಎಂಬುದೇ ಅದಕ್ಕೆ ತಿಳಿದಿಲ್ಲ. ಲಯನ್‌ಫಿಶ್ ಬೇಟೆಯನ್ನು ಗುರುತಿಸುವುದು ಮುಖ್ಯವಾಗಿ ಚಲನೆಯಿಂದ. ಎದೆಯ ರೆಕ್ಕೆಗಳನ್ನು ಬೀಸಣಿಗೆಯಂತೆ ಹರಡಿ, ಸೀಗಡಿಯನ್ನೋ ಮರಿಮೀನನ್ನೋ ನಿಧಾನವಾಗಿ ಒಂದು ಮೂಲೆಗೆ ಒತ್ತರಿಸಿ, ಸಾಕಷ್ಟು ಹತ್ತಿರವಾದ ಮೇಲೆ ಬಾಯಿಯನ್ನು ಒಮ್ಮೆಲೇ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುವುದು ಅದರ ಬೇಟೆಯ ಕ್ರಮ. ಅಲುಗಾಡದ ವಸ್ತುವಿನ ಮುಂದೆ ಈ ಕ್ರಮ ಆರಂಭವಾಗುವುದೇ ಇಲ್ಲ. ಹಾಗಾಗಿ ನಾವು ಮಾಡಬೇಕಾದ ಕೆಲಸ ಮೀನನ್ನು ಹಸಿವಿನಿಂದ ಮಣಿಸುವುದಲ್ಲ. ಸತ್ತ ಸೀಗಡಿಗೆ ಬದುಕಿರುವ ಸೀಗಡಿಯ ನಡೆಯನ್ನು ಕೊಡುವುದು.

ನಾನು ಬಳಸಿದ್ದು ಸುಮಾರು 45 ಸೆಂಟಿಮೀಟರ್ ಉದ್ದದ, ಬಣ್ಣವಿಲ್ಲದ ಅಕ್ರಿಲಿಕ್ ಕಡ್ಡಿ. ಅದರ ತುದಿಯಲ್ಲಿ ಸಣ್ಣ ಸೀಳೊಂದನ್ನು ಮಾಡಿ, ಸೀಗಡಿಯ ಬಾಲವನ್ನು ಅದರಲ್ಲಿ ಸಡಿಲವಾಗಿ ಸಿಕ್ಕಿಸುತ್ತಿದ್ದೆ. ಮೀನು ಎಳೆದ ಕೂಡಲೇ ಆಹಾರ ಬಿಟ್ಟುಕೊಳ್ಳಬೇಕು. ಚೂಪಾದ ಲೋಹದ ಕಡ್ಡಿಯನ್ನು ದಯವಿಟ್ಟು ಬಳಸಬೇಡಿ, ಏಕೆಂದರೆ ಮೀನು ಎರಗುವ ರಭಸಕ್ಕೆ ಬಾಯಿಯೊಳಗೆ ಗಾಯವಾಗಬಹುದು.

ಮೊದಲ ವಾರ ನಾನು ಫ್ರೋಜನ್ ಆಹಾರದ ಗೊಡವೆಗೇ ಹೋಗಲಿಲ್ಲ. ಪ್ರತಿದಿನ ಸಂಜೆ, ಅಕ್ವೇರಿಯಂನ ದೀಪ ಆರಿ ಕೋಣೆಯ ಮಂದ ಬೆಳಕು ಮಾತ್ರ ಇರುವ ಹೊತ್ತಿಗೆ, ಒಂದೇ ಮೂಲೆಯಲ್ಲಿ ಜೀವಂತ ಸೀಗಡಿಯನ್ನು ಬಿಡುತ್ತಿದ್ದೆ. ಬಿಡುವಾಗ ಖಾಲಿ ಕಡ್ಡಿಯನ್ನೂ ಪಕ್ಕದಲ್ಲೇ ನೀರಿಗೆ ಇಳಿಸುತ್ತಿದ್ದೆ. ಮುಸ್ಸಂಜೆ ಮತ್ತು ನಸುಕು ಈ ಮೀನುಗಳು ಬೇಟೆಗೆ ಹೊರಡುವ ವೇಳೆ, ಆದ್ದರಿಂದ ಆ ಹೊತ್ತನ್ನೇ ಹಿಡಿದುಕೊಂಡೆ. ನಾಲ್ಕೈದು ದಿನಗಳಲ್ಲಿ ಕಡ್ಡಿ ಕಂಡರೆ ಬಂಡೆಯ ಸಂದಿಯಿಂದ ಹೊರಬರುವುದನ್ನು ಅದು ಕಲಿಯಿತು. ಎರಡನೆಯ ವಾರ ಜೀವಂತ ಸೀಗಡಿಯನ್ನು ಕಡ್ಡಿಗೆ ಸಿಕ್ಕಿಸಿ ಕೊಟ್ಟೆ. ಅದನ್ನು ಹಿಂಜರಿಯದೆ ತೆಗೆದುಕೊಳ್ಳತೊಡಗಿದ ಮೇಲೆ, ಅದೇ ಜಾತಿಯ, ಅದೇ ಗಾತ್ರದ ಸೀಗಡಿಗಳನ್ನು ನಾನೇ ಫ್ರೀಜರ್‌ನಲ್ಲಿಟ್ಟು ಹೆಪ್ಪುಗಟ್ಟಿಸಿ, ಕರಗಿಸಿ ಕೊಟ್ಟೆ. ಇದೇ ನನ್ನ ಪಾಲಿಗೆ ನಿರ್ಣಾಯಕವಾದ ಹೆಜ್ಜೆ. ಆಕಾರ, ಬಣ್ಣ, ವಾಸನೆ, ಕಡ್ಡಿ, ಮೂಲೆ, ವೇಳೆ ಎಲ್ಲವೂ ಹಿಂದಿನ ದಿನದವೇ ಆಗಿದ್ದು, ಜೀವವೊಂದು ಮಾತ್ರ ಇರಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ನೀವೂ ಪಾಲಿಸಿ.

ಕಡ್ಡಿಯನ್ನು ಆಡಿಸುವ ಬಗೆಯಲ್ಲಿ ಬಹಳಷ್ಟು ಜನ ತಪ್ಪುತ್ತಾರೆ. ಮೊದಮೊದಲು ನಾನೂ ಸೀಗಡಿಯನ್ನು ಮೀನಿನ ಮೂತಿಯ ಕಡೆಗೇ ಒಯ್ಯುತ್ತಿದ್ದೆ, ಅದು ಹಿಂದೆ ಸರಿಯುತ್ತಿತ್ತು. ತನ್ನನ್ನು ತಿನ್ನಲು ಬಂದವನ ಬಾಯಿಯತ್ತ ಯಾವ ಸೀಗಡಿಯೂ ಈಜುವುದಿಲ್ಲ. ಅದು ಮೀನಿನಿಂದ ದೂರ ಸರಿಯಬೇಕು, ಬಾಯಿಯ ಮಟ್ಟದಲ್ಲೇ ಇರಬೇಕು, ಬಿಟ್ಟುಬಿಟ್ಟು ಜಿಗಿಯಬೇಕು. ಹನ್ನೊಂದನೆಯ ಸಂಜೆ ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೀನು ರೆಕ್ಕೆ ಹರಡಿ ಸೀಗಡಿಯ ಎದುರಿಗೆ ಬಂದು ನಿಂತು, ಬಾಯಿಯಿಂದ ಒಂದು ಪುಟ್ಟ ನೀರಿನ ಸೆಲೆಯನ್ನು ಅದರ ಮೇಲೆ ಊದಿತು. ಸೀಗಡಿಯ ಮೀಸೆಗಳು ತೊನೆದಾಡಿದವು. ವೊಲಿಟಾನ್ಸ್ ಲಯನ್‌ಫಿಶ್‌ಗಳು ಬೇಟೆ ತಮ್ಮತ್ತ ಮುಖ ತಿರುಗಿಸಲೆಂದು ಹೀಗೆ ಊದುವುದುಂಟು. ತಲೆಯ ಕಡೆಯಿಂದ ನುಂಗಿದರೆ ಇಳಿಯುವುದು ಸುಲಭ. ಅದು ಬೇಟೆಯ ಲಹರಿಗೆ ಬಂದಿದೆ ಎಂದು ಅರಿತು ನಾನು ಕೈಯನ್ನು ಅಲ್ಲಾಡಿಸದೆ ಹಿಡಿದೆ. ಎರಡನೆಯ ಸಲ ಊದಿತು. ಆಗ ಕಡ್ಡಿಯನ್ನು ಎರಡು ಬೆರಳಿನಷ್ಟು ಹಿಂದಕ್ಕೆ ಚಿಮ್ಮಿಸಿದೆನಷ್ಟೆ, ಟಪ್ಪೆಂಬ ಸದ್ದು ಗಾಜಿನಾಚೆಗೂ ಕೇಳಿಸಿತು; ಕಡ್ಡಿ ಖಾಲಿಯಾಗಿತ್ತು.

ಎರಡನೆಯ ಅನುಭವ

ನನ್ನದು ಫಜ್ಜಿ ಡ್ವಾರ್ಫ್ ಎಂಬ ಗಿಡ್ಡ ಜಾತಿಯ ಲಯನ್‌ಫಿಶ್. ಇದಕ್ಕೆ ಕಡ್ಡಿಯೆಂದರೆ ಭಯ. ಇಳಿಸಿದರೆ ಸಂದಿ ಸೇರಿ ಅರ್ಧ ಗಂಟೆ ಹೊರಬರುತ್ತಿರಲಿಲ್ಲ. ಆದ್ದರಿಂದ ನೀರಿನ ಹರಿವನ್ನೇ ಬಳಸಿಕೊಂಡೆ. ಪವರ್‌ಹೆಡ್‌ನ (ತೊಟ್ಟಿಯಲ್ಲಿ ನೀರಿನ ಹರಿವು ಹುಟ್ಟಿಸುವ ಸಣ್ಣ ಪಂಪ್) ಮುಂದೆ ಕರಗಿದ ಮೈಸಿಸ್ ಎಂಬ ಪುಟ್ಟ ಸೀಗಡಿಗಳನ್ನು ಪಿಪೆಟ್‌ನಿಂದ ಸ್ವಲ್ಪಸ್ವಲ್ಪವಾಗಿ ಬಿಟ್ಟರೆ ಅವು ತೇಲುತ್ತಾ, ಸುಳಿಯುತ್ತಾ ಅದು ಅಡಗಿದ್ದ ಬಂಡೆಯ ಮುಂದೆಯೇ ಹಾದುಹೋಗುತ್ತಿದ್ದವು. ಅವುಗಳ ನಡುವೆ ಎರಡು ಮೂರು ಜೀವಂತ ಸೀಗಡಿಗಳನ್ನೂ ಸೇರಿಸುತ್ತಿದ್ದೆ. ಬದುಕಿದ್ದನ್ನು ಹಿಡಿಯುವ ಆತುರದಲ್ಲಿ ಪಕ್ಕದಲ್ಲಿ ತೇಲುವ ಸತ್ತದ್ದಕ್ಕೂ ಬಾಯಿ ಹಾಕಿತು. ಆಮೇಲೆ ದಿನದಿನಕ್ಕೂ ಜೀವಂತವಾದವುಗಳನ್ನು ಕಡಿಮೆ ಮಾಡುತ್ತಾ ಬಂದೆ. ಇಡೀ ಕೆಲಸಕ್ಕೆ ಐದು ವಾರ ಹಿಡಿಯಿತು.

ಒಂದೇ ತೊಟ್ಟಿಯಲ್ಲಿ ಚುರುಕಾಗಿ ತಿನ್ನುವ ಬೇರೆ ಮೀನುಗಳಿದ್ದರೆ ಅವು ಎಲ್ಲವನ್ನೂ ಮೊದಲೇ ಕಬಳಿಸುತ್ತವೆ. ರೂಢಿ ಮಾಡಿಸುವವರೆಗೆ ನಡುವೆ ರಂಧ್ರಗಳಿರುವ ತಡೆಯೊಂದನ್ನು ಇಡುವುದು ಒಳ್ಳೆಯದು. ವೊಲಿಟಾನ್ಸ್ ಸಾಮಾನ್ಯವಾಗಿ ಬೇಗ ಒಪ್ಪಿಕೊಳ್ಳುವ ಜಾತಿ. ಫೂ ಮಾಂಚು ಮತ್ತು ರೇಡಿಯಾಟಾ ಜಾತಿಯವು ಕಠಿಣ. ಹಾಗಾಗಿ ನೀವು ಧೈರ್ಯಗೆಡುವ ಕಾರಣವಿಲ್ಲ.

ಮೂರನೆಯ ಅನುಭವ

ಮೇಲಿನ ಇಬ್ಬರೂ ವಿಧಾನವನ್ನು ಚೆನ್ನಾಗಿ ವಿವರಿಸಿದ್ದಾರೆ. ನಾನು ಹೇಳಬೇಕಾಗಿರುವುದು ಈ ಪ್ರಯತ್ನ ಏಕೆ ಅಗತ್ಯ ಎಂಬುದನ್ನು, ಏಕೆಂದರೆ ಅದನ್ನು ಅರಿಯದೆ ನಾನು ಒಂದು ಮೀನನ್ನು ಕಳೆದುಕೊಂಡಿದ್ದೇನೆ.

ನನ್ನ ಮೊದಲ ಲಯನ್‌ಫಿಶ್ ಫ್ರೋಜನ್ ತಿನ್ನಲಿಲ್ಲವೆಂದು ತಿಂಗಳುಗಟ್ಟಲೆ ಸಣ್ಣ ಗೋಲ್ಡ್‌ಫಿಶ್‌ಗಳನ್ನೇ ಹಾಕಿದೆ. ಅದು ಹೊಟ್ಟೆ ತುಂಬ ತಿನ್ನುತ್ತಿತ್ತು, ನಾನು ಸಂತೋಷಪಡುತ್ತಿದ್ದೆ. ಹತ್ತನೆಯ ತಿಂಗಳ ಹೊತ್ತಿಗೆ ಗುರಿ ತಪ್ಪತೊಡಗಿತು, ಈಜುವಾಗ ಓಲಾಡತೊಡಗಿತು, ಕೊನೆಗೆ ತಿನ್ನುವುದನ್ನೇ ನಿಲ್ಲಿಸಿತು. ಗೋಲ್ಡ್‌ಫಿಶ್‌ನಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಸಮುದ್ರದ ಮೀನಿಗೆ ಬೇಕಾದ ಕೊಬ್ಬಿನಾಮ್ಲಗಳೂ ಸಿಹಿನೀರಿನ ಮೀನಿನಲ್ಲಿ ಸಾಕಷ್ಟು ಇರುವುದಿಲ್ಲ. ನನ್ನ ಮೀನಿನ ಸಾವಿಗೆ ಇದೇ ಕಾರಣವೆಂದು ಪರೀಕ್ಷೆಯಿಂದ ಸಾಬೀತಾಗಿಲ್ಲ, ಆದರೆ ನನ್ನ ಮನಸ್ಸಿಗೆ ಅನುಮಾನವೇನೂ ಉಳಿದಿಲ್ಲ. ಈ ಕಿಣ್ವ ಹೆಪ್ಪುಗಟ್ಟಿಸಿದರೂ ನಾಶವಾಗುವುದಿಲ್ಲ ಎಂಬುದನ್ನು ಮರೆಯಬಾರದು. ಗೋಲ್ಡ್‌ಫಿಶ್ ಅನ್ನು ಫ್ರೀಜರ್‌ನಲ್ಲಿಟ್ಟು ಕೊಟ್ಟರೂ ಅಪಾಯ ಅದೇ.

ತಾತ್ಕಾಲಿಕವಾಗಿ ಜೀವಂತ ಆಹಾರ ಬೇಕೇಬೇಕಾದರೆ ಪಾರದರ್ಶಕವಾದ ಸಣ್ಣ ಸೀಗಡಿಗಳನ್ನೋ, ಮನೆಯಲ್ಲೇ ಬೆಳೆಸಿದ ಮೋಲಿ ಎಂಬ ಸಣ್ಣ ಮೀನಿನ ಮರಿಗಳನ್ನೋ ಬಳಸಿ. ಮೋಲಿಗಳನ್ನು ಹಂತಹಂತವಾಗಿ ಉಪ್ಪುನೀರಿಗೆ ಒಗ್ಗಿಸಬಹುದಾದ್ದರಿಂದ ಅವು ತೊಟ್ಟಿಗೆ ಬಿದ್ದ ಕೂಡಲೇ ಸಾಯುವುದಿಲ್ಲ. ಕೊಡುವ ಹಿಂದಿನ ದಿನ ಅವಕ್ಕೂ ಒಳ್ಳೆಯ ಆಹಾರ ತಿನ್ನಿಸಿದರೆ ಆ ಪೋಷಣೆ ಲಯನ್‌ಫಿಶ್‌ಗೆ ಸೇರುತ್ತದೆ. ಫ್ರೋಜನ್‌ಗೆ ಬಂದ ಮೇಲೂ ಒಂದನ್ನೇ ಹಿಡಿದು ಕೂರಬೇಡಿ. ಸಿಪ್ಪೆ ಸಹಿತ ಹಸಿ ಸೀಗಡಿ, ಸ್ಕ್ವಿಡ್‌ನ ಪಟ್ಟಿ, ಸಿಲ್ವರ್‌ಸೈಡ್ ಎಂಬ ಸಣ್ಣ ಬೆಳ್ಳಿಬಣ್ಣದ ಮೀನು, ಮೈಸಿಸ್, ಸಮುದ್ರ ಮೀನಿನ ತುಂಡು, ಹೀಗೆ ಬದಲಾಯಿಸುತ್ತಿರಿ. ಬೇಯಿಸಿದ್ದು, ಉಪ್ಪು ಹಚ್ಚಿದ್ದು, ಮಸಾಲೆ ತಗುಲಿದ್ದು ಬೇಡವೇ ಬೇಡ.

ನಾಲ್ಕನೆಯ ಅನುಭವ

ಉಪವಾಸದ ಪ್ರಶ್ನೆಗೆ ಯಾರೂ ನೇರವಾಗಿ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೈ ತುಂಬಿಕೊಂಡಿರುವ ದೊಡ್ಡ ಲಯನ್‌ಫಿಶ್ ಒಂದು ವಾರಕ್ಕೂ ಮಿಕ್ಕಿ ತಿನ್ನದಿದ್ದರೂ ತಡೆದುಕೊಳ್ಳುತ್ತದೆ, ಆದರೆ 10 ಸೆಂಟಿಮೀಟರ್‌ನ ಮರಿಯನ್ನು ಆ ಅಳತೆಯಲ್ಲಿ ನೋಡಬಾರದು. ಎರಡು ಮೂರು ದಿನಗಳ ಹಸಿವು ಆಸಕ್ತಿಯನ್ನು ಕೆರಳಿಸುತ್ತದೆ. ಅದಕ್ಕಿಂತ ಹೆಚ್ಚಿನದು ಮೀನನ್ನು ಸೊರಗಿಸುತ್ತದೆ, ಸೊರಗಿದ ಮೀನು ಬೇಟೆಯ ಉತ್ಸಾಹವನ್ನೇ ಕಳೆದುಕೊಳ್ಳುತ್ತದೆ. ದಿನ ಎಣಿಸುವುದಕ್ಕಿಂತ ಮೈ ನೋಡಿ ನಿರ್ಧರಿಸಿ. ಎದುರಿನಿಂದ ನೋಡಿದಾಗ ಹೊಟ್ಟೆ ಒಳಕ್ಕೆ ಎಳೆದುಕೊಂಡಿದ್ದರೆ, ತಲೆಯ ಹಿಂದಿನ ಬೆನ್ನಿನ ಮಾಂಸ ಇಳಿದು ಕುಳಿ ಬಿದ್ದಿದ್ದರೆ, ಪ್ರಯೋಗವನ್ನು ಅಂದೇ ನಿಲ್ಲಿಸಿ ಜೀವಂತ ಆಹಾರ ಕೊಡಿ. ಇಂದು ಸಂಜೆಯೇ ಒಂದು ಜೀವಂತ ಸೀಗಡಿಯನ್ನು ಕೊಟ್ಟು ಆಮೇಲೆ ಮೊದಲನೆಯವರು ಹೇಳಿದ ಕ್ರಮವನ್ನು ಆರಂಭಿಸಿ ಎಂಬುದು ನನ್ನ ಸಲಹೆ.

ತಿನ್ನುತ್ತಿದ್ದ ಮೀನು ಇದ್ದಕ್ಕಿದ್ದಂತೆ ಒಂದೆರಡು ದಿನ ಬಾಯಿ ಮುಚ್ಚಿ ಕುಳಿತರೆ ಗಾಬರಿಯಾಗಬೇಡಿ. ಲಯನ್‌ಫಿಶ್‌ಗಳು ಮೈಮೇಲಿನ ತೆಳುಪೊರೆಯನ್ನು ಆಗಾಗ ಕಳಚುತ್ತವೆ. ಆಗ ಮೈ ಮಸುಕಾಗಿ, ನೀರಿನಲ್ಲಿ ತೆಳ್ಳನೆಯ ಚೂರುಗಳು ತೇಲುವುದು ಕಾಣಿಸುತ್ತದೆ. ಆದರೆ ಪದೇಪದೇ ಹೀಗಾದರೆ ಅಮೋನಿಯಾ, ನೈಟ್ರೈಟ್, ಲವಣಾಂಶಗಳನ್ನು ತಪ್ಪದೆ ಪರೀಕ್ಷಿಸಿ.

ಇನ್ನೊಂದು ಮಾತು. ಕಡ್ಡಿಗೆ ಒಗ್ಗಿದ ಮೀನು ಕೈ ಕಂಡರೂ ನುಗ್ಗಿ ಬರುತ್ತದೆ. ಬೆನ್ನಿನ 13 ಮುಳ್ಳುಗಳಲ್ಲೂ, ಹೊಟ್ಟೆಯ ಕಡೆಯ ಮುಳ್ಳುಗಳಲ್ಲೂ ವಿಷವಿದೆ. ಆಹಾರ ಕೊಡುವ ಹೊತ್ತಿನಲ್ಲಿ ಎಂದಿಗೂ ಕೈ ಇಳಿಸಬೇಡಿ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ ಆ ಭಾಗವನ್ನು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಮುಳುಗಿಸಿಟ್ಟು ವೈದ್ಯರನ್ನು ಕಾಣಬೇಕು. ಆ ವಿಷ ಶಾಖಕ್ಕೆ ಶಕ್ತಿ ಕಳೆದುಕೊಳ್ಳುತ್ತದೆ.

ಪ್ರಶ್ನೆ ಕೇಳಿದವರಿಂದ, ಹದಿನೆಂಟು ದಿನಗಳ ನಂತರ

ಎಲ್ಲರಿಗೂ ಕೃತಜ್ಞತೆಗಳು. ಉಪವಾಸವನ್ನು ಅಂದೇ ನಿಲ್ಲಿಸಿದೆ. ಕಡ್ಡಿಯ ವಿಧಾನವನ್ನೇ ಅನುಸರಿಸಿದೆ. ಮೊನ್ನೆ ಸಂಜೆ ನಾನೇ ಹೆಪ್ಪುಗಟ್ಟಿಸಿದ್ದ ಸೀಗಡಿಯನ್ನು ಮೊದಲ ಬಾರಿಗೆ ತೆಗೆದುಕೊಂಡಿತು. ನಿನ್ನೆ ಸಿಲ್ವರ್‌ಸೈಡ್ ಕೊಟ್ಟಾಗ ಮಾತ್ರ ಬಾಯಿಗೆ ಹಾಕಿಕೊಂಡು, ಎರಡು ಸಲ ಅಗಿದಂತೆ ಮಾಡಿ, ಉಗುಳಿಬಿಟ್ಟಿತು. ಮತ್ತೆ ಹಿಡಿಯಿತು, ಮತ್ತೆ ಉಗುಳಿತು. ಇದು ತಿರಸ್ಕಾರವೇ? ಇನ್ನು ಮುಂದೆ ಎಷ್ಟು ದಿನಕ್ಕೊಮ್ಮೆ ಕೊಡಬೇಕು?

ಮೊದಲನೆಯವರಿಂದ ಮತ್ತೆ

ಓದಿ ಬಹಳ ಸಂತೋಷವಾಯಿತು. ಉಗುಳಿದ್ದು ತಿರಸ್ಕಾರವಲ್ಲ, ಎರಡನೆಯ ಸಲವೂ ಹಿಡಿಯಿತಲ್ಲ, ಅದನ್ನು ಗಮನಿಸಿ. ಸಾಮಾನ್ಯವಾಗಿ ತುಂಡು ದೊಡ್ಡದಾಗಿರುತ್ತದೆ, ಇಲ್ಲವೇ ಒಳಗೆ ಇನ್ನೂ ಮಂಜು ಉಳಿದಿರುತ್ತದೆ. ಮೀನಿನ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದಪ್ಪವಿರದ ತುಂಡು ಕತ್ತರಿಸಿ. ತೊಟ್ಟಿಯ ನೀರನ್ನೇ ಒಂದು ಬಟ್ಟಲಿಗೆ ತೆಗೆದುಕೊಂಡು ಅದರಲ್ಲಿ ಪೂರ್ತಿ ಕರಗಿಸಿ, ಬೆರಳಿನಿಂದ ಒತ್ತಿ ನಡುಭಾಗ ಮೆತ್ತಗಾಗಿದೆಯೇ ಎಂದು ನೋಡಿ, ಕರಗಿದ ನೀರನ್ನು ಚೆಲ್ಲಿ ಆಮೇಲೆ ಕೊಡಿ. ಸಿಲ್ವರ್‌ಸೈಡ್‌ನ ಬಾಲದ ಭಾಗದಿಂದ ಆರಂಭಿಸಿದರೆ ಸುಲಭ.

ಈ ಗಾತ್ರದ ಮರಿಗೆ ದಿನ ಬಿಟ್ಟು ದಿನ, ಹೊಟ್ಟೆ ತುಸುವೇ ಉಬ್ಬುವಷ್ಟು ಸಾಕು. ಬೆಳೆದ ಮೇಲೆ ವಾರಕ್ಕೆ ಎರಡು ಮೂರು ಸಲ. ಇನ್ನು ಮುಂದೆ ನಿಮ್ಮ ಕಷ್ಟ ತಿರುವುಮುರುವಾಗುತ್ತದೆ: ನೀವು ಗಾಜಿನ ಹತ್ತಿರ ಬಂದಾಗಲೆಲ್ಲ ಅದು ರೆಕ್ಕೆ ಹರಡಿ ಬೇಡುತ್ತದೆ, ಕೊಟ್ಟಷ್ಟೂ ತಿನ್ನುತ್ತದೆ. ಸಾಕಿದ ಲಯನ್‌ಫಿಶ್‌ಗಳಲ್ಲಿ ಅತಿಯಾಗಿ ತಿಂದು ಯಕೃತ್ತಿನಲ್ಲಿ ಕೊಬ್ಬು ತುಂಬಿ ಕಾಯಿಲೆ ಬೀಳುವುದು ಸಾಮಾನ್ಯ, ಹಾಗಾಗಿ ಆ ಬೇಡಿಕೆಗೆ ಕರಗಬೇಡಿ. ಸಿಲ್ವರ್‌ಸೈಡ್ ಅನ್ನು ಮತ್ತೆ ಉಗುಳಿದರೆ ಹತ್ತು ನಿಮಿಷ ಕಾದು, ತಳದಲ್ಲಿ ಉಳಿದದ್ದನ್ನು ಅದೇ ಕಡ್ಡಿಯಿಂದ ಹೊರತೆಗೆದು, ಅಂದಿಗೆ ಸೀಗಡಿಯನ್ನೇ ಕೊಟ್ಟು ಮುಗಿಸಿ. ಸಿಲ್ವರ್‌ಸೈಡ್ ಅನ್ನು ಎರಡು ದಿನ ಬಿಟ್ಟು ಮತ್ತೆ ತೋರಿಸಿ.